ತತ್ತಿ ಹೊತ್ತ ಸಿಗಡಿ

ದೇವದುರ್ಗದ ಕಡೆ ಕೃಷ್ಣೆಯಲ್ಲಿ ನಾನು ಸಿಗಡಿ ಹಿಡಿಯುತ್ತಿದ್ದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಯಾವ ಬಂಡೆಯ ಸಂದಿಯಲ್ಲಿ ಬಿದಿರಿನ ಬುಟ್ಟಿ ಇಳಿಬಿಡಬೇಕು, ಒಳಗೆ ಎಷ್ಟು ಶೇಂಗಾ ಹಿಂಡಿ ಇಡಬೇಕು ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಹಿಡಿದದ್ದು ಒದ್ದೆ ಗೋಣಿಚೀಲದಲ್ಲಿ ಬಸ್ಸೇರಿ ರಾಯಚೂರಿಗೆ, ಶಕ್ತಿನಗರದ ಸಾಹೇಬರ ಮನೆಗಳಿಗೆ ಹೋಗುತ್ತಿತ್ತು.

ಎಂಬತ್ತರ ದಶಕದ ಒಂದು ಚಳಿಗಾಲ. ನನಗೆ ಹೆಣ್ಣು ಕೊಡಬೇಕೋ ಬೇಡವೋ ಎಂದು ನೋಡಲು ಹುಡುಗಿಯ ಅಪ್ಪ ಮಾನ್ವಿ ಕಡೆಯಿಂದ ಬಂದರು. ಅವರೂ ತುಂಗಭದ್ರೆಯಲ್ಲಿ ಸಿಗಡಿ ಹಿಡಿಯುವವರೇ. ಹುಡುಗಿಯನ್ನು ನಾನು ಪೋತ್ನಾಳದಲ್ಲಿ ಒಮ್ಮೆ ನೋಡಿದ್ದೆ. ಅಂದಿನಿಂದ ಬೇರೆ ಹೆಣ್ಣು ಬೇಡವೆನಿಸಿತ್ತು.

"ಮನಿ ಆಮ್ಯಾಲ ನೋಡ್ತೀನಿ, ಮೊದ್ಲ ಹೊಳಿ ತೋರ್ಸಪಾ," ಎಂದು ಅವರು ಹರಗೋಲು ಹತ್ತಿದರು.

ಬೆಳಗಿನ ಮಂಜು. ನೀರು ಯಾವುದು, ಆಕಾಶ ಯಾವುದು ತಿಳಿಯದು. ಹರಗೋಲು ತಾನೇ ತಿರುಗುತ್ತ ನಿದ್ದೆಯಲ್ಲಿ ನಡೆದಂತೆ ಸಾಗಿತು. ಬಂಡೆಗಳು ಹತ್ತಿರ ಬಂದು, ನಮ್ಮನ್ನು ನೋಡಿ, ಮತ್ತೆ ಕರಗುತ್ತಿದ್ದವು. ಐದು ಬುಟ್ಟಿ ಎತ್ತಿದೆ. ಐದೂ ಖಾಲಿ.

"ನಿಮ್ಮ ಹೊಳ್ಯಾಗಿನ ಸಿಗಡಿ ಇನ್ನಾ ಎದ್ದಿಲ್ಲೇನಪಾ?"

ಆರನೆಯದರಲ್ಲಿ ಇತ್ತು. ಗೇಣುದ್ದದ್ದು, ನೀಲಿ ಕಾಲಿನದ್ದು. ಹೊಟ್ಟೆಯ ಕೆಳಗೆ ಕೇಸರಿ ಬಣ್ಣದ ತತ್ತಿಯ ಗೊಂಚಲು. ತತ್ತಿ ಹೊತ್ತದ್ದನ್ನು ನಮ್ಮವರು ನೀರಿಗೇ ಬಿಡುತ್ತಾರೆ. ಆದರೆ ಬರಿಗೈಯಲ್ಲಿ ಹೇಗೆ ಮರಳುವುದು? ಮನೆಯಲ್ಲಿ ಅವ್ವ ಮಸಾಲೆ ಅರೆದಿಟ್ಟಿದ್ದಳು. ಅದರ ಹೊಟ್ಟೆಯನ್ನು ಅಂಗೈಯಲ್ಲಿ ಮರೆಮಾಡಿ, ಹೆಬ್ಬೆರಳಿನಿಂದ ತತ್ತಿ ಕೆರೆಯತೊಡಗಿದೆ. ಅದು ಒಮ್ಮೆ ಮೈಕೊಡವಿ ನೀರಿಗೆ ಹಾರಿಹೋಯಿತು.

"ತತ್ತಿ ಇತ್ತೇನು? ಬಿಟ್ಟಿಯಲ್ಲ, ಭಾಳ ಛಲೋ ಮಾಡ್ದಿ!"

ಸುಮ್ಮನಿದ್ದರೆ ಹುಡುಗಿ ನನ್ನವಳು. ಆದರೆ ಮಾಡದ ಕೆಲಸಕ್ಕೆ ಶಾಬಾಸ್ ತೆಗೆದುಕೊಂಡು ನನಗೆ ರೂಢಿಯಿಲ್ಲ.

"ನಾ ಬಿಡ್ಲಿಲ್ರಿ ಮಾವಾರ. ತತ್ತಿ ಕೆರಿಯಾಕತ್ತಿದ್ದೆ, ಕೈ ಜಾರಿ ಹೋತು."

ಅವರು ಮುಂದಿನ ಬುಟ್ಟಿಯ ಕಡೆ ಕೈ ತೋರಿಸಿದರು. ಮಂಜಿನೊಳಗೆ ಎಲ್ಲೋ ಒಂದು ಹಕ್ಕಿ ಕೂಗಿ ಸುಮ್ಮನಾಯಿತು. ಉಳಿದ ಬುಟ್ಟಿಗಳಲ್ಲೂ ಏನೂ ಸಿಗಲಿಲ್ಲ.

ಅವ್ವ ಆ ಮಸಾಲೆಯನ್ನು ಬದನೆಕಾಯಿಗೆ ತುಂಬಿದಳು. ಹೆಣ್ಣು ಕೊಡುವ ಮನಸ್ಸಿಲ್ಲದವರು ಗಂಡಿನ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯುವುದಿಲ್ಲ, ನಮ್ಮಲ್ಲಿ. ಹುಡುಗಿಯ ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತೇ ಇದ್ದರು, ಬಿಸಿಲು ಕಾಲಿನವರೆಗೆ ಬಂದರೂ. ನಾನು ಒದ್ದೆ ಬಟ್ಟೆಯಲ್ಲೇ ನಿಂತಿದ್ದೆ.

ಕೊನೆಗೆ ಅವರು ಬಾಗಿಲೊಳಗೆ ತಲೆ ಹಾಕಿ ಅವ್ವನನ್ನು ಕೂಗಿದರು: "ಏ ಬೀಗ್ತೀ, ರೊಟ್ಟಿ ಬಡಿಯಾಕತ್ತೀರೋ, ಮಲ್ಕೊಂಡೀರೋ? ಹೊಟ್ಟಿ ಹಸ್ದದ, ಹಾಕ್ರಿ!"