ಅತ್ತೆ ಮುಚ್ಚಿಟ್ಟ ಎರಡು ತಿಂಗಳು

ನಮ್ಮತ್ತೆ ಗೌರಮ್ಮ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ತೀರ್ಪು ಆದಂತೆ. ಒಳಗೆ ಒಣಗಿದ ಕೊಬ್ಬರಿ ಕಡಕಡ ಅಂದರೆ ಸುಲಿಯುವುದಕ್ಕೆ, ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಬಿಳಿಗೆರೆಯ ನಮ್ಮ ಮನೆಯಿಂದ ಅವರ ಕಿವಿ ದಾಟದೆ ಒಂದು ಕೊಬ್ಬರಿಯೂ ತಿಪಟೂರಿಗೆ ಹೋದದ್ದಿಲ್ಲ.

ಕಿವಿ ಅಷ್ಟು ಚುರುಕಾದರೂ ಉಸಿರು ಕೈಕೊಡುತ್ತಿತ್ತು. ಅಟ್ಟದ ಏಣಿಯ ಮೂರನೇ ಮೆಟ್ಟಿಲಿಗೇ ನಿಂತುಬಿಡುತ್ತಿದ್ದರು. ಕೆಳಗೆ ನಾನು ನಕ್ಕರೆ, "ಕಾಯೇನು ಓಡೋಗಲ್ಲ ಬುಡು" ಎನ್ನುತ್ತಿದ್ದರು. ಸಿಪ್ಪೆಯ ಧೂಳು, ಒಲೆಯ ಹೊಗೆ ಎಂದು ಡಾಕ್ಟರುಗಳು ಔಷಧಿ ಬರೆದರು. ಬಿಪಿಯ ಮಾತ್ರೆಯಂತೂ ಚಿಕ್ಕ ವಯಸ್ಸಿಗೇ ಶುರುವಾಗಿತ್ತು. ಹುಟ್ಟುವಾಗ ಏನಾದರೂ ತೊಂದರೆಯಿತ್ತೇ ಎಂದು ಒಬ್ಬ ಡಾಕ್ಟರು ಕೇಳಿದಾಗ, ತುಂಬಿದ ತಿಂಗಳಿಗೇ ಹುಟ್ಟಿದ್ದು ಎಂದು ಅತ್ತೆ ಕಣ್ಣು ಮಿಟುಕಿಸದೆ ಹೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ.

ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದಳು. ವಾರಗಟ್ಟಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಳು. ಇದನ್ನು ಯಾರಿಗೂ ಹೇಳಬೇಡಿ, ನಾಳೆ ಹೆಣ್ಣು ಕೇಳಲು ಬಂದವರು ಹಿಂದೆ ಸರಿಯುತ್ತಾರೆ ಎಂದು ಎಲ್ಲರ ಬಾಯಿ ಮುಚ್ಚಿಸಿದವಳು ನಾನೇ. ಕೆಲವು ತಿಂಗಳ ಮೇಲೆ ಮಗುವಿಗೆ ಕೆಮ್ಮು ಬಂತು. ಅತ್ತೆಯೂ ನಾನೂ ತುರುವೇಕೆರೆಯಲ್ಲಿ ಹೊಸ ಡಾಕ್ಟರಿಗೆ ತೋರಿಸಿದೆವು. ತಿಂಗಳು ತುಂಬಿತ್ತೇ ಎಂದು ಕೇಳಿದರು. ಬಾಗಿಲಲ್ಲಿ ನಮ್ಮೂರಿನ ಪರಿಚಯದವರು ನಿಂತಿದ್ದರು. ತುಂಬಿತ್ತು ಎಂದೆ.

"ಸುಳ್ಳು ಕಣ್ ಸ್ವಾಮಿ," ಎಂದರು ಅತ್ತೆ. "ಏಳು ತಿಂಗ್ಳಿಗೇ ಬಂದ ಕೂಸು ಇದು. ನಾನೂ ಹಂಗೇ ಬಂದೋಳು. ಮದ್ವೆ ಆಗಲ್ಲ ಅಂತ ನಮ್ಮವ್ವ ಮುಚ್ಚಿಟ್ಲು, ಆಮೇಲೆ ನಾನೂ ಮುಚ್ಚಿಟ್ಟೆ. ಇದಕ್ಕೆ ಅದು ಬ್ಯಾಡ."

ನನಗೆ ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಬಂದವು. ಡಾಕ್ಟರು ಮಾತ್ರ ಪೆನ್ನು ಕೆಳಗಿಟ್ಟು ಅಜ್ಜಿ ಮೊಮ್ಮಗಳಿಬ್ಬರ ಎದೆಯನ್ನೂ ಪರೀಕ್ಷಿಸಿದರು. ಬೇಗ ಹುಟ್ಟಿದವರಿಗೆ ದೊಡ್ಡವರಾದ ಮೇಲೂ ಉಸಿರಿನ ತೊಂದರೆ, ಬಿಪಿ ಬರಬಹುದು, ಗೊತ್ತಿದ್ದರೆ ಕಣ್ಣಿಡಬಹುದು ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅತ್ತೆಯನ್ನು ಕೇಳಿದರು.

"ಯಾರೂ ಕೇಳ್ನಿಲ್ಲ," ಎಂದರು ಅತ್ತೆ. ಹಿಂದೆ ಕೇಳಿದ್ದ ಡಾಕ್ಟರು ನೆನಪಾಗಿ ನಾನು ನಗು ನುಂಗಿಕೊಂಡೆ.

ಔಷಧಿ ಬದಲಾಯಿತು. ಅತ್ತೆ ಐದನೇ ಮೆಟ್ಟಿಲವರೆಗೆ ನಿಲ್ಲದೆ ಹತ್ತತೊಡಗಿದರು, ಅಷ್ಟೇ. ಹೋದ ವರ್ಷ ತೀರಿಕೊಂಡರು.

ಮಗಳಿಗೆ ಈಗ ಆರು ವರ್ಷ. ಮೊನ್ನೆ ತಪಾಸಣೆಗೆ ಹೋದಾಗ ಹೊಸ ಡಾಕ್ಟರಮ್ಮ ಹೆಸರು ಕೇಳಿದರು. ಹೆಸರು ಹೇಳಿದವಳು, ಕೇಳದಿದ್ದರೂ, "ನಾನು ಏಳು ತಿಂಗ್ಳಿಗೇ ಬಂದೋಳು, ನಮ್ಮಜ್ಜಿ ಥರ," ಎಂದಳು. ಡಾಕ್ಟರಮ್ಮ ಅದನ್ನು ಬರೆದುಕೊಂಡು, ಅಜ್ಜಿಯೂ ಬಂದಿದ್ದಾರಾ ಎಂದು ನನ್ನನ್ನು ಕೇಳಿದರು.

ಇಲ್ಲ ಎನ್ನುವುದಕ್ಕೆ ನಾನೂ ಮೂರನೇ ಮೆಟ್ಟಿಲಲ್ಲಿ ನಿಂತ ಅತ್ತೆಯಂತೆ ಉಸಿರು ತೆಗೆದುಕೊಳ್ಳಬೇಕಾಯಿತು.