ಬರೋಬ್ಬರಿ ಐತಿ ಅಂದಿದ್ದೆ

ತಪ್ಪು ಲೆಕ್ಕವನ್ನು ಸರಿ ಎಂದು ಹೇಳಿ ನನ್ನ ನಾದಿನಿಯನ್ನು ಪರೀಕ್ಷೆಗೆ ಕಳಿಸಿದವಳು ನಾನು. ತಿಳಿಯದೆ ಅಲ್ಲ — ತಿಳಿದೇ. ಮೊನ್ನೆ ಬಿಜಾಪುರದ ಜಲನಗರದ ನಮ್ಮ ಮನೆಯಲ್ಲಿ ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದಾಗ ತಿಕೋಟಾದಿಂದ ಸವಿತಾಳ ಫೋನು ಬರದಿದ್ದರೆ ಈಗಲೂ ಬಾಯಿ ಬಿಡುತ್ತಿರಲಿಲ್ಲವೇನೋ.

ಅವಳ ಮಗಳು ಭೂಮಿ ಈಗ ಪಿಯುಸಿ ಎರಡನೇ ವರ್ಷ.

“ವೈನಿ, ಟೆಸ್ಟಿನ್ಯಾಗ ಭೂಮಿ ಕೆಮಿಸ್ಟ್ರಿ ಲೆಕ್ಕ ಎಲ್ಲಾ ತಪ್ಪ್ಯಾಳ. ಎರಡು ದ್ರಾವಣ ಕೂಡಿಸೋ ಲೆಕ್ಕ. ಬುಡಾನ ತಪ್ಪೈತಿ ಅಂದ್ರಂತ ಸರು. ನಾನೇ ಹೇಳಿಕೊಟ್ಟಿದ್ದೆ, ನೀ ಅವಾಗ ಬರೋಬ್ಬರಿ ಐತಿ ಅಂದಿದ್ದೆಲ್ಲ... ನಾನೇ ತಪ್ಪು ತಿಳ್ಕೊಂಡಿರಬೇಕು ತಗೋ. ಮೊದ್ಲಿಂದ್ಲೂ ದಡ್ಡಿ ನಾ.” ಹೀಗೆ ಹೇಳಿ ನಕ್ಕಳು.

ನಾನು ಸಾಣಿಗೆ ಕೆಳಗಿಟ್ಟೆ.

ನಾನು ನಿಡೋಣಿ ಹಳ್ಳಿಗೆ ಸೊಸೆಯಾಗಿ ಬಂದಾಗ ಪಿಯುಸಿ ಸೈನ್ಸ್ ಮುಗಿಸಿದ್ದೆ, ಒಳ್ಳೆಯ ಅಂಕಗಳಿದ್ದವು. ಡಿಗ್ರಿ ಬೇಕೆಂದಿದ್ದೆ — ಯಾರೂ ಕೇಳಿಸಿಕೊಳ್ಳಲಿಲ್ಲ. ಸವಿತಾ ಕೆಮಿಸ್ಟ್ರಿಯೊಂದರಲ್ಲಿ ಫೇಲಾಗಿ ಮನೆಯಲ್ಲಿದ್ದಳು. ಮತ್ತೆ ಪರೀಕ್ಷೆ ಕಟ್ಟಿದ್ದಳು. ಮಾವನವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು, “ಪಾಸಾದ್ರ ಬಿಜಾಪುರಕ್ಕ ಡಿಗ್ರಿಗೆ ಹಚ್ತೀನಿ. ಇಲ್ಲಾಂದ್ರ ಬಂದ ವರಾನ ಒಪ್ಕೋಬೇಕು.”

ಅವಳು ದಿನಾ ಮಧ್ಯಾಹ್ನ ನನ್ನ ಒಲೆಯ ಮುಂದೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ಒಂದೇ ಅಳತೆಯ ಎರಡು ಬೇರೆ ದ್ರಾವಣ ಕೂಡಿಸಿದರೆ ನೀರು ಎರಡು ಪಟ್ಟಾಗುತ್ತದೆ, ಒಂದೊಂದರ ಸಾಂದ್ರತೆ ಅರ್ಧಕ್ಕಿಳಿಯುತ್ತದೆ. ಆ ಅರ್ಧ ಮಾಡಿಕೊಂಡೇ ಸಮತೋಲನದ ಲೆಕ್ಕಕ್ಕಾಗಲಿ, ಕ್ರಿಯೆಯ ವೇಗದ ಲೆಕ್ಕಕ್ಕಾಗಲಿ ಕೈ ಹಾಕಬೇಕು. ಅವಳು ಅರ್ಧ ಮಾಡುತ್ತಲೇ ಇರಲಿಲ್ಲ.

“ಕೂಡಿಸಿದ್ರ ಕಮ್ಮಿ ಹೆಂಗ ಆಕ್ಕೈತಿ ವೈನಿ? ಹಾಕಿದ್ದು ಎಲ್ಲಿಗಿ ಹೋಗ್ತೈತಿ? ನೋಡು, ಬರೋಬ್ಬರಿ ಐತಿಲ್ಲ?”

ಉಪ್ಪುನೀರಿಗೆ ಸಕ್ಕರೆನೀರು ಸುರಿದು ನಾಲಿಗೆಗೆ ಹಚ್ಚಿ ತೋರಿಸಿದ್ದರೆ ಮುಗಿಯುತ್ತಿತ್ತು — ಎರಡೂ ರುಚಿ ಸಪ್ಪೆ. ಒಲೆಯ ಪಕ್ಕದಲ್ಲೇ ವಾಟಗದ ಬಟ್ಟಲುಗಳಿದ್ದವು. ಅಷ್ಟರಲ್ಲಿ ಅತ್ತೆ ಪಡಸಾಲೆಯಿಂದ ಕೂಗಿದರು, “ಏ ಸವಿ, ಆಕಿ ಕಲ್ತದ್ದು ರೊಟ್ಟಿ ಬಡಿಯಾಕರ ಬಂತೇನು ಕೇಳು ಬೇ! ನಿಂಗೇನು ಹೇಳ್ತಾಳ?” ಸವಿತಾ ಕಿಸಕ್ಕನೆ ನಕ್ಕಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹುಡುಗಿಯ ನಗು. ಆದರೆ ನನ್ನೊಳಗೆ ಏನೋ — ನನಗೆ ಸಿಗದ್ದು ಇವಳಿಗೇಕೆ ಎಂಬ ಮಾತು — ನೆಟ್ಟಗೆ ಎದ್ದು ನಿಂತಿತು.

“ಬರೋಬ್ಬರಿ ಐತಿ,” ಅಂದೆ.

ಮರುದಿನ ತಿದ್ದಬಹುದಿತ್ತು. ಪರೀಕ್ಷೆಯವರೆಗೂ ತಿದ್ದಬಹುದಿತ್ತು. ಅವಳು ಫೇಲಾದಳು, ತಿಕೋಟಾಕ್ಕೆ ಮದುವೆಯಾಗಿ ಹೋದಳು. ಅದೊಂದೇ ತಪ್ಪಿನಿಂದ ಫೇಲಾದಳೇ — ಗೊತ್ತಿಲ್ಲ. ಹಾಗೆ ಕೇಳಿಕೊಂಡು ಎಷ್ಟೋ ಸಲ ಸಮಾಧಾನ ಹುಡುಕಿದ್ದೇನೆ. ಹೇಸಿಗೆಯ ಸಮಾಧಾನ.

ದಿನಾ ಬೆಳಿಗ್ಗೆ ದೇವರ ಜಗಲಿಯ ಮುಂದೆ ವಿಭೂತಿ ಹಚ್ಚಿಕೊಂಡು ದೇವರು ಕೊಟ್ಟದ್ದನ್ನು ನೆನೆಯುವವಳು ನಾನು. ತಲೆಯ ಮೇಲೆ ಸೂರು, ಗಂಡನ ಆರೋಗ್ಯ, ನೆಲಕ್ಕೆ ಕೂರಲು ಇನ್ನೂ ಬಗ್ಗುವ ಮೊಣಕಾಲು. ಆ ಸಾಲಿನಲ್ಲೇ, ಮನಸ್ಸಿನ ಮೂಲೆಯಲ್ಲಿ, ಯಾರಿಗೂ ಗೊತ್ತಾಗಲಿಲ್ಲ ಎಂಬುದನ್ನೂ ಸೇರಿಸಿ ಕೈ ಮುಗಿದಿದ್ದೇನೆ. ಅದನ್ನೂ ದೇವರ ಉಪಕಾರವೆಂದೇ ಎಣಿಸಿದ್ದೆ.

ಫೋನಿನಲ್ಲಿ ಅವಳು ಇನ್ನೂ ನಗುತ್ತಿದ್ದಳು. “ಹೌದು, ತಪ್ಪು ತಿಳ್ಕೊಂಡಿದ್ದಿ” ಅಂದಿದ್ದರೆ ಸಾಕಿತ್ತು, ನಾನು ಪಾರು.

“ಸವಿ, ನೀ ದಡ್ಡಿ ಅಲ್ಲ. ತಪ್ಪೈತಂತ ಅವತ್ತೇ ನನಗ ಗೊತ್ತಿತ್ತು.”

ನಗು ನಿಂತಿತು. “ಗೊತ್ತಿದ್ದೂ...?”

“ಗೊತ್ತಿದ್ದೂ ಬರೋಬ್ಬರಿ ಅಂದೆ. ಹೊಟ್ಟಿಕಿಚ್ಚು.”

ಅವಳ ದನಿ ಇಳಿಯಿತು. “ಮಗಳ ಮುಂದ, ಗಂಡನ ಮುಂದ, ನಾ ದಡ್ಡಿ ದಡ್ಡಿ ಅಂತ ಹೇಳ್ಕೋತ ಬಂದೇನಲ್ಲ ವೈನಿ, ಅದನ್ನೆಲ್ಲಾ ಈಗ ಏನ್ ಮಾಡ್ಲಿ?”

ಉತ್ತರಕ್ಕೆ ಕಾಯದೆ ಅವಳು ಫೋನು ಇಟ್ಟಳು.

ಒಳಗೆ ಹೊರಗೆ ಅಲೆದೆ. ಜಗಲಿಯ ಮುಂದೆ ನಿಂತೆ — ಏನು ಕೇಳಲಿ? ಕ್ಷಮೆಯನ್ನು ಕೊಡಬೇಕಾದವಳು ತಿಕೋಟಾದಲ್ಲಿದ್ದಾಳೆ, ಕೊಡಲೇಬೇಕೆಂದೇನಿಲ್ಲ. ಈ ಭಾನುವಾರ ಹೋಗುತ್ತೇನೆ. ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ. ಭೂಮಿಯ ಎದುರಿಗೇ ಹೇಳುತ್ತೇನೆ — ನಿನ್ನವ್ವ ದಡ್ಡಿ ಅಲ್ಲ, ನಾನು ಸುಳ್ಳು ಹೇಳಿದ್ದೆ ಎಂದು.

“ಅಕ್ಕಾರ, ನಳಕ್ಕ ನೀರು ಬಂದಾವ! ಮಲಗೀರೇನ್ರಿ?” ಹೊರಗಿನಿಂದ ಪಕ್ಕದ ಮನೆಯ ರೆಹಾನಾ ಕೂಗಿದಳು.

ಹಿತ್ತಲಿಗೆ ಹೋಗಿ, ಪೈಪು ಎಳೆದು ನೀರಿನ ಬ್ಯಾರಲ್ಲಿಗೆ ಹಚ್ಚಿದೆ.