ಹಸಿರು ತಂತಿ ಮತ್ತು ಅವರೆ ಚಪ್ಪರ

ಈ ಬೆಳಿಗ್ಗೆ ಪಕ್ಕದ ಮನೆಯ ಮಿಕ್ಸಿ ಸುಟ್ಟು, ಆ ಘಾಟು ನಮ್ಮ ನಡುಮನೆಗೂ ಬಂತು. ಚಟ್ನಿ ಅವರದ್ದು, ಎದೆ ಹಾರಿದ್ದು ನನ್ನದು. ಓಡಿಹೋಗಿ ಕಂಪ್ಯೂಟರ್ ಡಬ್ಬದ ಬೆನ್ನು ಮೂಸಿ ನೋಡಿದೆ. ನಗಬೇಡಿ. ಎರಡು ವರ್ಷದ ಹಿಂದೆ ಇದೇ ವಾಸನೆ ನನ್ನ ಹೆಂಡತಿ ಸುಧಾಳ ಎಂ.ಎ. ಪರೀಕ್ಷೆಯನ್ನು ನುಂಗಿತ್ತು.

ಸುಧಾ ಯಳಂದೂರಿನ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ನಲವತ್ತೆರಡನೇ ವಯಸ್ಸಿನಲ್ಲಿ ಹಟ ಹಿಡಿದು ಓದಿದಳು. ಪರೀಕ್ಷೆ ಮನೆಯಿಂದಲೇ, ಕಂಪ್ಯೂಟರಿನ ಎದುರು. ಎರಡನೇ ಪ್ರಶ್ನೆಗೆ ಬರುವಷ್ಟರಲ್ಲಿ ಡಬ್ಬದೊಳಗೆ ಪಟ್ ಎಂದಿತು. ಒಳಗಿನ ಪವರ್ ಸಪ್ಲೈ ಪೆಟ್ಟಿಗೆ ಸುಟ್ಟು ಸತ್ತಿತ್ತು. ಇನ್ನೊಂದೇ ಅವಕಾಶ ಎಂದರು ವಿಶ್ವವಿದ್ಯಾಲಯದವರು, ಮುಂದಿನ ಸೋಮವಾರ ಹತ್ತು ಗಂಟೆಗೆ. ನಮ್ಮ ಸತ್ತೇಗಾಲಕ್ಕೆ ಆಗ ಪಂಪು ಓಡಿಸುವ ತ್ರೀಫೇಸ್ ಕರೆಂಟು ಬರುತ್ತಿದ್ದದ್ದೂ ಹತ್ತಕ್ಕೇ. ಗದ್ದೆಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದರೆ ಮನೆಯ ಬಲ್ಬು ಮೊದಲು ಮಂಕಾಗಿ, ಆಮೇಲೆ ಕಣ್ಣು ಕುಕ್ಕುವಂತೆ ಉರಿಯುತ್ತದೆ.

ನಾನೋ ಹುಟ್ಟು ಪುಕ್ಕಲ. ಬಿಳಿಗಿರಿರಂಗನ ಬೆಟ್ಟದ ಕಡೆ ಮೋಡ ಕಂಡರೆ ಇಲ್ಲಿ ಪ್ಲಗ್ ಕೀಳುವವನು. ಕೊಳ್ಳೇಗಾಲದ ಬಸ್ಸು ಹತ್ತಿ, ಹೊಸ ಪವರ್ ಸಪ್ಲೈ, ಸ್ಟೆಬಿಲೈಸರ್, ಯುಪಿಎಸ್, ಸ್ಪೈಕ್ ಗಾರ್ಡ್ ಎಲ್ಲ ತಂದು ಮದುವಣಗಿತ್ತಿಗೆ ಒಡವೆ ಹೇರಿದ ಹಾಗೆ ಹೇರಿದೆ. ಆದರೂ ಡಬ್ಬ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಭಾನುವಾರ ಹನೂರಿನಿಂದ ಎಲೆಕ್ಟ್ರಿಷಿಯನ್ ಮಾದೇಶಣ್ಣನನ್ನು ಕರೆಸಿದೆ.

ಅವನು ನನ್ನ ಒಡವೆಗಳ ಕಡೆ ತಿರುಗಿಯೂ ನೋಡಲಿಲ್ಲ. ಸಾಕೆಟ್ಟಿನ ಮೇಲಿನ ದೊಡ್ಡ ಅರ್ತ್ ತೂತಿಗೆ ಟೆಸ್ಟ್ ಲ್ಯಾಂಪಿನ ಒಂದು ವೈರು ಕೊಟ್ಟು, ಅದು ಉರಿಯದಿದ್ದುದನ್ನು ಕಂಡು ನಕ್ಕ.

"ಅರ್ತೇ ಇಲ್ವಲ್ಲಾ ಸಾ. ಎಚ್ಚಾಗಿ ನುಗ್ಗಿದ್ ಕರೆಂಟ ಈ ಗಾರ್ಡು ಎಲ್ಲಿಗ್ ಬುಡ್ಬೇಕು, ನಿಮ್ ತಲೆ ಮ್ಯಾಲ್ಕಾ?"

ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಗುಂಡಿ ಇದೆಯಪ್ಪ, ನಾನೇ ನಿಂತು ಇದ್ದಿಲು ಉಪ್ಪು ತುಂಬಿಸಿದ್ದೇನೆ ಎಂದು ಜಂಬದಿಂದ ಹಿತ್ತಿಲಿಗೆ ಕರೆದುಕೊಂಡು ಹೋದೆ. ಗುಂಡಿಯಿತ್ತು, ಪೈಪಿತ್ತು. ಪೈಪಿಗೆ ನಮ್ಮವ್ವನ ಮೇಕೆ ಕಟ್ಟಿತ್ತು. ಗೋಡೆಯಿಂದ ಪೈಪಿಗೆ ಬರಬೇಕಾದ ಹಸಿರು ತಂತಿ ಮಾತ್ರ ಇರಲಿಲ್ಲ. ಮಾದೇಶಣ್ಣ ಮೆಲ್ಲಗೆ ಕತ್ತೆತ್ತಿದ. ತಲೆಯ ಮೇಲೆ ಅವರೆ ಚಪ್ಪರ. ಅದರ ನಾಲ್ಕು ಮೂಲೆಗೂ ಹಸಿರು ಕಟ್ಟು.

ಅವ್ವ ಒಂದಿಷ್ಟೂ ಅಳುಕಲಿಲ್ಲ. "ಮೇಕೆ ಎಳ್ದು ಎಳ್ದು ಕಿತ್ತಾಕ್ತು ಕಣಪ್ಪ. ಸುಮ್ನೆ ಬಿದ್ದದಲ್ಲಾ ಅಂತ ನಾನೇ ಚಪ್ರಕ್ಕೆ ಕಟ್ಕಂಡಿ. ಆ ಅವ್ರೆಕಾಯ್ ಸಾರ್ನ ನೀನೇ ಎರಡ್ಸಲ ಉಯ್ಸ್ಕಂಡೆ."

ಸಂಜೆಯೊಳಗೆ ಹೊಸ ತಂತಿ ಬಂತು, ಮೇಕೆ ಬೇರೆ ಗೂಟಕ್ಕೆ ಹೋಯಿತು. ಗುಂಡಿ ಒಣಗಿದರೆ ಅರ್ತ್ ಕೆಲಸ ಮಾಡಲ್ಲ, ಆಗಾಗ ನೀರು ಹುಯ್ಯಿರಿ ಎಂದು ಹೇಳಿ ಮಾದೇಶಣ್ಣ ಹೊರಟ.

ಸೋಮವಾರ ಸುಧಾ ಬಾಗಿಲು ಹಾಕಿಕೊಂಡಳು. ನಾನು ಬಾಗಿಲಿಗೆ ಕಿವಿಕೊಟ್ಟು ನಿಂತೆ, ಅವ್ವ ಬಿಂದಿಗೆ ಹಿಡಿದು ಗುಂಡಿಯ ಹತ್ತಿರ ನಿಂತಳು. ಗದ್ದೆ ಕಡೆಯಿಂದ ಯಾರೋ ತ್ರೀಫೇಸ್ ಬಂತೆಂದು ಕೂಗಿದರು. ಮೋಟಾರುಗಳು ಒಂದರ ಹಿಂದೊಂದು ಗುಂಯ್ಗುಟ್ಟಿದವು. ಬಲ್ಬು ಮಂಕಾಯಿತು, ಯುಪಿಎಸ್ ಕೀಂಯ್ ಎಂದಿತು, ಬಲ್ಬು ಭಗ್ಗನೆ ಹೊಳೆಯಿತು. ಒಳಗೆ ಕೀಲಿಮಣೆಯ ಟಕಟಕ ನಿಂತುಹೋಯಿತು. ಹತ್ತು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಟಕಟಕ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ! ಹಿತ್ತಿಲಿಗೆ ಓಡಿ ಅವ್ವನ ಕೈಯಿಂದ ಬಿಂದಿಗೆ ಕಿತ್ತುಕೊಂಡು ಗುಂಡಿಗೆ ನಾನೇ ಬಗ್ಗಿಸಿದೆ.

ಒಂದು ಗಂಟೆಗೆ ಸುಧಾ ಹೊರಬಂದು, ಮೊಣಕಾಲವರೆಗೆ ಕೆಸರಾದ ನಮ್ಮಿಬ್ಬರನ್ನೂ ನೋಡಿದಳು. ನಡುವೆ ಯಾಕೆ ನಿಲ್ಲಿಸಿದೆ ಎಂದು ಕೇಳಿದೆ.

"ಪರೀಕ್ಷೆ ಅಲ್ವೇನ್ರೀ, ಯೋಚ್ನೆ ಮಾಡ್ಬಾರ್ದಾ?"

ಪಾಸಾದಳು. ಇವತ್ತು ಮೂಸುತ್ತಿದ್ದ ನನ್ನನ್ನು ಪಕ್ಕಕ್ಕೆ ಸರಿಸಿ ಅದೇ ಕುರ್ಚಿಯಲ್ಲಿ ಕೂತು ಪಿಎಚ್.ಡಿ. ಅರ್ಜಿ ತುಂಬುತ್ತಿದ್ದಾಳೆ. ಡಬ್ಬದ ಚಿಂತೆ ನನಗೀಗ ಅಷ್ಟಾಗಿ ಇಲ್ಲ. ನಾಳೆ ಇವಳು ಡಾಕ್ಟರಾದರೆ ಮನೆಯಲ್ಲಿ ಏನಂತ ಕರೆಯಬೇಕು ಎಂಬುದು ಹೊಸ ಚಿಂತೆ. ಯಾವುದಕ್ಕೂ ಇರಲಿ ಅಂತ, ಕಾಫಿ ಕೊಡುವಾಗ ಮೇಡಂ ಎಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.